ಸ್ವಾಮಿಕಾರ್ಯ, ಸ್ವಕಾರ್ಯ



ಒಬ್ಬನು ಯಾವುದೋ ಕೆಲಸದ ಮೇಲೆ ಪರಸ್ಥಳಕ್ಕೆ ಹೋಗಿ, ಆ ಕೆಲಸವನ್ನೂ ಮುಗಿಸಿ, ಅದರ ಜೊತೆಗೆ ತನ್ನ ಮನಸ್ಸಿನ ಆಸೆಯೊಂದನ್ನೂ ತೀರಿಸಿಕೊಂಡು ಬಂದರೆ, 'ಸ್ವಾಮಿಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು' ಎಂದು ಹೇಳುವ ವಾಡಿಕೆ ನಮ್ಮಲ್ಲಿ ಉಂಟು. ಈ ಮಾತಿನಲ್ಲಿ ಅರ್ಧ ಮೆಚ್ಚುಗೆ, ಅರ್ಧ ಪರಿಹಾಸ. ಆದರೆ ಗಂಡಹೆಂಡಿರಿಬ್ಬರು ಕೂಡಿ ಹೊರಟಾಗ, ಒಬ್ಬರದು ಸ್ವಾಮಿಕಾರ್ಯವಾಗಿ ಇನ್ನೊಬ್ಬರದು ಕೇವಲ ಸ್ವಕಾರ್ಯವಾದರೆ ಏನಾಗುತ್ತದೆ? ಈ ಸಂಜೆ ನನಗೆ ಕೊಟ್ಟಿರುವ ಅವಧಿಯಲ್ಲಿ ಆ ಪ್ರಶ್ನೆಯನ್ನು ನನ್ನ ಅನುಭವದಿಂದಲೇ ಸ್ವಲ್ಪ ವಿಚಾರಮಾಡಬೇಕೆಂದಿದ್ದೇನೆ.

೨೦೨೪ನೆಯ ಇಸವಿ ಮಾರ್ಚಿ ತಿಂಗಳಲ್ಲಿ ನಾನೂ ನನ್ನ ಪತ್ನಿಯೂ ಇಟಲಿ ದೇಶದ ಟ್ರಿಯೆಸ್ಟೆ ಎಂಬ ರೇವುಪಟ್ಟಣಕ್ಕೆ ಆರು ದಿನಗಳ ಮಟ್ಟಿಗೆ ಹೋಗಿಬಂದೆವು. ಹೊರಡುವುದಕ್ಕೆ ಮೊದಲು ಪ್ರವೇಶಪತ್ರಕ್ಕಾಗಿ ಅರ್ಜಿ ತುಂಬಬೇಕಾಯಿತು. ಅದರಲ್ಲಿ 'ಪ್ರಯಾಣದ ಉದ್ದೇಶವೇನು?' ಎಂಬ ಕಲಮು ಒಂದುಂಟು. ನನ್ನ ಪತ್ನಿ 'ವ್ಯಾಪಾರ' ಎಂಬುದರ ಎದುರಿಗೆ ಗುರುತುಹಾಕಿದಳು. ನಾನು 'ಪ್ರವಾಸ' ಎಂಬುದರ ಎದುರಿಗೆ. ಒಂದೇ ವಿಮಾನ, ಒಂದೇ ವಸತಿ, ಒಂದೇ ಪೆಟ್ಟಿಗೆ. ಉದ್ದೇಶ ಮಾತ್ರ ಎರಡು. ಈ ವಿಭಾಗ ಸರಿಯಾಗಿಯೇ ಇದೆಯೆಂದು ಆಗ ನನಗೆ ತೋರಿತು. ಇಪ್ಪತ್ತು ವರ್ಷಗಳ ನಮ್ಮ ದಾಂಪತ್ಯವೂ ಇದೇ ಕ್ರಮದಲ್ಲಿ ನಡೆದು ಬಂದಿದ್ದಿತು.

ನನ್ನ ಪತ್ನಿ ಮೂಡಿಗೆರೆಯ ಕಡೆಯ ಕಾಫಿ ಬೆಳೆಗಾರರ ಮನೆಯವಳು. ಅವಳ ತಂದೆಯವರು ತೀರಿಕೊಂಡ ಮೇಲೆ ತೋಟದ ಭಾರವೆಲ್ಲ ಅವಳ ಮೇಲೆ ಬಿದ್ದಿತು. ನಾನಾದರೋ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸತಕ್ಕವನು. ರಜಾದಿನಗಳಲ್ಲಿ ತೋಟದ ಮನೆಗೆ ಹೋದರೆ ಜಗಲಿಯ ಆರಾಮಕುರ್ಚಿಯಲ್ಲಿ ಕುಳಿತು ಪುಸ್ತಕ ಓದುವುದು ನನ್ನ ಪದ್ಧತಿ. ಕಾಫಿ ಎಂಬುದು ಲೋಟದಲ್ಲಿ ಬರತಕ್ಕ ವಸ್ತುವೆಂದೇ ನನ್ನ ಭಾವನೆ. ಅದಕ್ಕೆ ಹಿಂದಿನ ಚರಿತ್ರೆಯನ್ನು ನಾನು ವಿಚಾರಿಸಿದವನಲ್ಲ. 'ದೇಶ ಸುತ್ತು, ಕೋಶ ಓದು' ಎಂಬ ಗಾದೆಯನ್ನು ನಾವಿಬ್ಬರೂ ಹಂಚಿಕೊಂಡಿದ್ದೆವೆಂದರೆ ಸರಿಹೋದೀತು: ಓದುವುದು ನನ್ನ ಪಾಲಿಗೆ, ಸುತ್ತುವುದು ಅವಳ ಪಾಲಿಗೆ.

ಟ್ರಿಯೆಸ್ಟೆಗೆ ಹೋಗಲು ಅವಳಿಗಿದ್ದ ಕಾರಣ ಸ್ಪಷ್ಟವಾದುದು. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ನಮ್ಮ ಕರ್ನಾಟಕದಲ್ಲಿ ಬೆಳೆಯುತ್ತದೆ. ಆ ಕಾಫಿಯನ್ನು ಕೊಳ್ಳುವ ಹೊರದೇಶಗಳಲ್ಲಿ ಇಟಲಿಯದು ಅನೇಕ ವರ್ಷಗಳಿಂದ ಅಗ್ರಸ್ಥಾನ. ಇಟಲಿಗೆ ಕಾಫಿ ಬಂದಿಳಿಯತಕ್ಕ ಮುಖ್ಯ ರೇವುಗಳಲ್ಲಿ ಟ್ರಿಯೆಸ್ಟೆ ಒಂದು. ಅಲ್ಲಿಯ ವರ್ತಕರೊಬ್ಬರು ಅವಳ ಅರೇಬಿಕಾ ಕಾಫಿಯ ಮಾದರಿಯನ್ನು ತರಿಸಿಕೊಂಡು, ಮುಖತಃ ಮಾತನಾಡಲು ಬರಬೇಕೆಂದು ಬರೆದಿದ್ದರು. ನನಗಿದ್ದ ಕಾರಣ ಬೇರೆ. ಐರ್ಲೆಂಡಿನ ಜೇಮ್ಸ್ ಜಾಯ್ಸ್ ೧೯೦೪ರಲ್ಲಿ, ತನ್ನ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ನೋರಾಳೊಡನೆ ಈ ಊರಿಗೆ ಬಂದು, ೧೯೧೫ರವರೆಗೆ ಬಹುಮಟ್ಟಿಗೆ ಇಲ್ಲಿಯೇ ಇದ್ದು, ಪರರಿಗೆ ಇಂಗ್ಲಿಷ್ ಪಾಠ ಹೇಳಿ ಹೊಟ್ಟೆ ಹೊರೆದನು. ನಾನು ವರ್ಷ ವರ್ಷವೂ ತರಗತಿಯಲ್ಲಿ ಪಾಠ ಹೇಳುವ 'ದಿ ಡೆಡ್' ಎಂಬ ಅವನ ಕಥೆ ೧೯೦೭ರಲ್ಲಿ ಈ ಊರಿನಲ್ಲಿಯೇ ಮುಗಿದುದು. ಅವಳಿಗೆ ಮೂಟೆಗಳ ಯೋಚನೆ, ನನಗೆ ಮಹಾಕೃತಿಗಳ ಯೋಚನೆ. ಯಾವುದು ದೊಡ್ಡದೆಂಬ ವಿಷಯದಲ್ಲಿ ನನ್ನ ಮನಸ್ಸಿನಲ್ಲಿ ಸಂದೇಹವಿರಲಿಲ್ಲವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ವೆನಿಸ್ಸಿನಲ್ಲಿ ವಿಮಾನದಿಂದಿಳಿದು ರೈಲು ಹಿಡಿದೆವು. ಸುಮಾರು ಎರಡು ಗಂಟೆಗಳ ಪ್ರಯಾಣ. ಕೊನೆಯ ಕೆಲವು ಮೈಲಿಗಳಲ್ಲಿ ಬಂಡಿ ಸುಣ್ಣಕಲ್ಲಿನ ಕಡಿದಾದ ದಡದ ಮೇಲೆ ಹೋಗುತ್ತದೆ. ಬಲಗಡೆಗೆ, ಕೆಳಗೆ, ಏಡ್ರಿಯಾಟಿಕ್ ಸಮುದ್ರದ ನೀಲಿ. ಪಟ್ಟಣದ ನಡುವಣ ದೊಡ್ಡ ಚೌಕಕ್ಕೆ ಮೂರು ಕಡೆ ಮಾತ್ರ ಅರಮನೆಗಳಂತಹ ಕಟ್ಟಡಗಳು. ನಾಲ್ಕನೆಯ ಕಡೆ ಸಮುದ್ರವೇ ಗೋಡೆ. ಇಟಲಿಯ ಊರಾದರೂ ನೋಟಕ್ಕೆ ವಿಯೆನ್ನಾದ ಒಂದು ತುಂಡನ್ನು ತಂದು ಕಡಲ ತೀರದಲ್ಲಿಟ್ಟಂತೆ ತೋರುತ್ತದೆ. ಇದಕ್ಕೆ ಕಾರಣ ಚರಿತ್ರೆಯಲ್ಲಿದೆ. ೧೩೮೨ರಿಂದ ೧೯೧೮ರವರೆಗೆ, ನಡುವೆ ನೆಪೋಲಿಯನ್ನನ ಕೆಲವು ವರ್ಷಗಳನ್ನು ಬಿಟ್ಟರೆ, ಈ ಪಟ್ಟಣ ಹಾಪ್ಸ್‌ಬರ್ಗ್ ದೊರೆಗಳ ಅಧೀನದಲ್ಲಿದ್ದಿತು. ಆರನೆಯ ಚಾರ್ಲ್ಸ್ ಚಕ್ರವರ್ತಿ ೧೭೧೯ರಲ್ಲಿ ಇದನ್ನು ಸುಂಕವಿಲ್ಲದ ಮುಕ್ತ ಬಂದರೆಂದು ಸಾರಿದನು. ಗ್ರೀಕರು, ಸರ್ಬಿಯದವರು, ಯೆಹೂದ್ಯರು, ಅರ್ಮೇನಿಯದವರು, ಸ್ಲೊವೀನರು ಎಲ್ಲರೂ ಬಂದು ಅಂಗಡಿ ಹೂಡಿದರು. ಅವರವರ ದೇವಾಲಯಗಳನ್ನು ಅವರವರು ಕಟ್ಟಿಕೊಂಡರು. ೧೮೫೭ರಲ್ಲಿ ವಿಯೆನ್ನಾದಿಂದ ರೈಲು ಬಂದಿತು. ೧೮೬೯ರಲ್ಲಿ ಸೂಯೆಜ್ ಕಾಲುವೆ ತೆರೆಯಲು, ಇಲ್ಲಿಂದ ಮುಂಬಯಿಗೆ ದಾರಿ ಹತ್ತಿರವಾಯಿತು. ಎರಡನೆಯ ಮಹಾಯುದ್ಧದ ತರುವಾಯ ಈ ಊರು ಯಾರದೆಂಬ ವ್ಯಾಜ್ಯ ಎದ್ದು, ೧೯೫೪ರಲ್ಲಿ ಇಟಲಿಯ ಪಾಲಿಗೆ ಬಂದಿತು. ದೊರೆಗಳು ಬದಲಾದರೂ ಕಾಫಿಯ ಮೂಟೆಗಳು ಬದಲಾಗಲಿಲ್ಲ. ಅವು ಬರುತ್ತಲೇ ಇದ್ದವು.

ಅಲ್ಲಿಯ ಜನಕ್ಕೆ ಕಾಫಿಯ ವಿಷಯದಲ್ಲಿ ತಮ್ಮದೇ ಆದ ನಿಘಂಟು ಉಂಟು. ಹಾಲಿಲ್ಲದ ಗಟ್ಟಿ ಕಾಫಿಗೆ 'ನೇರೋ' ಎನ್ನುತ್ತಾರೆ. ಹಾಲಿನ ನೊರೆ ಸ್ವಲ್ಪ ಬೆರೆಸಿದರೆ 'ಕಾಪೋ'. ಅದನ್ನೇ ಸಣ್ಣ ಗಾಜಿನ ಲೋಟದಲ್ಲಿ ಕೊಟ್ಟರೆ 'ಕಾಪೋ ಇನ್ ಬಿ'. ನನ್ನ ಪತ್ನಿ ಮೊದಲನೆಯ ದಿನವೇ ಈ ಕೊನೆಯದನ್ನು ಕೇಳಿ ತರಿಸಿಕೊಂಡು, 'ನಮ್ಮ ಹಾಸನದ ಬಸ್ಸುನಿಲ್ದಾಣದ ಗಾಜಿನ ಲೋಟದ ಸಂಬಂಧಿಕ ಇದು' ಎಂದಳು.

ಮರುದಿನ ಬೆಳಿಗ್ಗೆ ಅವಳ ಕೆಲಸ. ನಾನು ಜಾಯ್ಸ್ ವಾಸವಾಗಿದ್ದ ಬೀದಿಗಳ ಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೊರಡಲು ಸಿದ್ಧನಾಗಿದ್ದೆನು. ಅವಳು, 'ಒಂದು ಗಂಟೆಯ ಮಟ್ಟಿಗೆ ನನ್ನ ಜೊತೆಯಲ್ಲಿ ಬಂದು ಕುಳಿತರೆ ಸಾಕು. ಅಷ್ಟು ದೂರ ಬಂದು ಒಬ್ಬಳೇ ಹೋಗಲು ಯಾಕೋ ಹಿಂಜರಿಕೆ' ಎಂದಳು. ಸಭ್ಯತೆಗೆ ಕಟ್ಟುಬಿದ್ದು ಹೋದೆನು. ಒಂದು ಪುಸ್ತಕವನ್ನೂ ತೆಗೆದುಕೊಂಡು ಹೋಗಿದ್ದೆನೆಂದು ಹೇಳಿಬಿಡುವುದು ಒಳ್ಳೆಯದು.

ಕಾಫಿಯ ರುಚಿ ಪರೀಕ್ಷೆಯನ್ನು ನಿಮ್ಮಲ್ಲಿ ಅನೇಕರು ನೋಡಿರಲಾರಿರಿ. ಉದ್ದನೆಯ ಮೇಜಿನ ಮೇಲೆ ಒಂದೊಂದು ಮಾದರಿಗೂ ಐದೈದು ಬಟ್ಟಲುಗಳು. ಹದವಾಗಿ ಹುರಿದು ತರಿತರಿಯಾಗಿ ಬೀಸಿದ ಪುಡಿಯನ್ನು ಪ್ರತಿಯೊಂದರಲ್ಲಿಯೂ ಒಂದೇ ತೂಕದಲ್ಲಿ ಹಾಕಿ, ಕುದಿಯುವುದಕ್ಕೆ ತುಸು ಕೆಳಗಿನ ಬಿಸಿನೀರನ್ನು ಹೊಯ್ಯುತ್ತಾರೆ. ಮೇಲೆ ಪುಡಿ ಕೆನೆಗಟ್ಟುತ್ತದೆ. ನಾಲ್ಕು ನಿಮಿಷಗಳಾದ ಮೇಲೆ ಆ ಕೆನೆಯನ್ನು ಚಮಚದಿಂದ ಒಡೆದು, ಮೂಗನ್ನು ಬಟ್ಟಲಿನೊಳಕ್ಕೆ ಇಡುವಷ್ಟು ಹತ್ತಿರ ತಂದು ವಾಸನೆ ನೋಡುತ್ತಾರೆ. ಆಮೇಲೆ ಒಂದೊಂದು ಚಮಚ ದ್ರವವನ್ನು ಗಟ್ಟಿಯಾಗಿ ಸುರ್ರೆಂದು ಹೀರಿ, ಬಾಯಲ್ಲೆಲ್ಲ ಹರಡಿಸಿ, ಉಗಿಯುತ್ತಾರೆ. ಮಕ್ಕಳು ಹೀಗೆ ಸದ್ದುಮಾಡಿ ಕುಡಿದರೆ ನಾವು ಗದರುತ್ತೇವೆ. ಇಲ್ಲಿ ಸದ್ದೇ ವಿದ್ಯೆ. ಐದು ಬಟ್ಟಲುಗಳೇಕೆಂದರೆ, ಒಂದು ಬೀಜ ಕೆಟ್ಟಿದ್ದರೂ ಯಾವುದಾದರೊಂದು ಬಟ್ಟಲು ಅದನ್ನು ಹೇಳಿಬಿಡುತ್ತದೆ.

ನನ್ನ ಪತ್ನಿ ಮೂರು ಪಾಲುಗಳ ಮಾದರಿಗಳನ್ನು ಕಳುಹಿಸಿದ್ದಳು. ಎರಡರಲ್ಲಿ ಪರೀಕ್ಷಕರು ತಲೆದೂಗಿದರು. ಮೂರನೆಯದರ ನಾಲ್ಕನೆಯ ಬಟ್ಟಲಿನ ಹತ್ತಿರ ನಿಂತು, ಮತ್ತೊಮ್ಮೆ ಹೀರಿ, ಚಮಚವನ್ನು ಕೆಳಗಿಟ್ಟು, ಏನೂ ಹೇಳದೆ ಅವಳ ಕಡೆ ನೋಡಿದರು. ಅವಳು ತನ್ನ ಚಮಚ ತೆಗೆದುಕೊಂಡು ಅದೇ ಬಟ್ಟಲನ್ನು ನೋಡಿದಳು. ಆ ಒಂದು ನಿಮಿಷದಲ್ಲಿ ನಾನು ಪುಸ್ತಕವನ್ನು ಮುಚ್ಚಿದೆನು. ಅವಳು ವಾದಿಸುವಳೆಂದು ನಾನು ಎಣಿಸಿದ್ದೆನು, ನಾನಾಗಿದ್ದರೆ ವಾದಿಸುತ್ತಿದ್ದೆನು. ಅವಳು ಶಾಂತವಾಗಿ, 'ನಿಜ, ಮುಗ್ಗಲಿನ ಛಾಯೆ ಇದೆ. ಒಣಗುವಾಗ ಮಳೆ ಬಿದ್ದ ಪಾಲು ಇದು. ಹೋಗಲಾಡಿಸಿದೆನೆಂದು ತಿಳಿದಿದ್ದೆ, ಹೋಗಿಲ್ಲ. ಈ ಪಾಲನ್ನು ತೆಗೆದುಬಿಡಿ' ಎಂದಳು. ತನ್ನ ಬೆಳೆಯ ಮೂರನೆಯ ಒಂದು ಭಾಗವನ್ನು ಅವಳು ನಾಲ್ಕು ವಾಕ್ಯಗಳಲ್ಲಿ ಬಿಟ್ಟುಕೊಟ್ಟಳು. ಅದರ ಬೆಲೆ ಏನೆಂಬುದು ನನಗೆ ಗೊತ್ತಿರಲಿಲ್ಲ; ಅವಳಿಗೆ ಗೊತ್ತಿದ್ದಿತು.

ಉಳಿದ ಎರಡು ಪಾಲುಗಳ ವಿಷಯದಲ್ಲಿಯೂ ತೊಡಕಿಲ್ಲದಿರಲಿಲ್ಲ. ೨೦೨೩ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ನಡೆಯುತ್ತಿದ್ದುದರಿಂದ, ಆ ಕಾಲದಲ್ಲಿ ಬಹುಪಾಲು ಹಡಗುಗಳು ಸೂಯೆಜ್ ಕಾಲುವೆಯನ್ನು ಬಿಟ್ಟು ಆಫ್ರಿಕಾದ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಬರುತ್ತಿದ್ದವು. ಸಾಗಾಣಿಕೆಯ ವೆಚ್ಚ ಏರಿದ್ದಿತು. ಪ್ರಯಾಣ ವಾರಗಟ್ಟಲೆ ದೀರ್ಘವಾಗಿದ್ದಿತು. ಹಸಿಯ ಕಾಫಿಬೀಜದಲ್ಲಿ ತೇವ ನೂರಕ್ಕೆ ಹತ್ತು-ಹನ್ನೆರಡು ಭಾಗದೊಳಗೆ ಇರಬೇಕು. ಕಬ್ಬಿಣದ ಪೆಟ್ಟಿಗೆಯಲ್ಲಿ ಸಮಭಾಜಕ ವೃತ್ತವನ್ನು ಎರಡು ಬಾರಿ ದಾಟಿ ಬರುವ ಮೂಟೆ ಬೆವತರೆ ಯಾರು ಹೊಣೆ? ಈ ಹೆಚ್ಚಿನ ವೆಚ್ಚ ಯಾರದು? ಹಡಗಿನವರನ್ನು ಕೇಳಿ ಎರಡು ದಿನಗಳ ಮೇಲೆ ಹೇಳುವುದಾಗಿ ವರ್ತಕರು ತಿಳಿಸಿದರು. ನೂರೈವತ್ತು ವರ್ಷಗಳ ಹಿಂದೆ ಈ ಊರಿಗೆ ಭಾಗ್ಯ ತಂದ ಕಾಲುವೆ, ನನ್ನ ಪತ್ನಿಯ ಲೆಕ್ಕದ ಪುಸ್ತಕದಲ್ಲಿ ಹೀಗೆ ಅಡ್ಡ ಬಂದು ನಿಂತಿದ್ದಿತು. ಚರಿತ್ರೆ ಪುಸ್ತಕದೊಳಗೆ ಮಾತ್ರ ಇರುವುದೆಂದು ತಿಳಿದಿದ್ದ ನನಗೆ ಇದು ಹೊಸ ಪಾಠ.

ಹೀಗೆ ನಮಗೆ ಎರಡು ದಿನಗಳ ಬಿಡುವು ದೊರೆಯಿತು. ಊರು ನೋಡಲು ಹೊರಟೆವು. ಪಟ್ಟಣದ ನಡುವೆ ಸಮುದ್ರದಿಂದ ಒಳಕ್ಕೆ ಬಂದಿರುವ ಒಂದು ಕಾಲುವೆಯುಂಟು. ಅದರ ಸೇತುವೆಯ ಮೇಲೆ ಟೋಪಿ ಧರಿಸಿ ನಡೆದುಹೋಗುತ್ತಿರುವ ಜಾಯ್ಸನ ಕಂಚಿನ ಪ್ರತಿಮೆ, ಪೀಠವಿಲ್ಲದೆ, ದಾರಿಹೋಕರ ಸಮಕ್ಕೆ ನಿಂತಿದೆ. ಅಲ್ಲಿ ನಾನು ನನ್ನ ಪತ್ನಿಗೆ ಈ ಊರಿನ ಇನ್ನೊಬ್ಬ ಗ್ರಂಥಕರ್ತನ ವಿಷಯ ಹೇಳಿದೆನು. ಎಟ್ಟೋರೆ ಶ್ಮಿಟ್ಸ್ ಅವನ ಹೆಸರು. ಇಟಾಲೊ ಸ್ವೇವೊ ಎಂಬುದು ಅವನ ಕಾವ್ಯನಾಮ. ಎರಡು ಕಾದಂಬರಿಗಳನ್ನು ಬರೆದನು, ಯಾರೂ ಗಮನಿಸಲಿಲ್ಲ. ಬರೆಹವನ್ನು ಬದಿಗಿಟ್ಟು, ಪತ್ನಿ ಲಿವಿಯಾಳ ಮನೆತನದವರು ನಡೆಸುತ್ತಿದ್ದ ಬಣ್ಣದ ಕಾರ್ಖಾನೆಗೆ ಸೇರಿಕೊಂಡನು. ಹಡಗಿನ ತಳಕ್ಕೆ ಚಿಪ್ಪುಹುಳು ಪಾಚಿಗಳು ಹತ್ತದಂತೆ ಬಳಿಯುವ ಬಣ್ಣ ಅದು. ಆ ವ್ಯಾಪಾರದ ಮೇಲೆ ಅವನು ಲಂಡನ್ನಿಗೆ ಅಡಿಗಡಿಗೆ ಹೋಗಬೇಕಾಗಿದ್ದಿತು. ಅಲ್ಲಿಂದ ಲಿವಿಯಾಳಿಗೆ ಕಾಗದ ಬರೆಯುತ್ತಿದ್ದನು. ವ್ಯಾಪಾರಕ್ಕೆ ಇಂಗ್ಲಿಷ್ ಬೇಕಾಗಿ, ದಂಪತಿಗಳಿಬ್ಬರೂ ಮನೆಗೆ ಕರೆಸಿಕೊಂಡ ಉಪಾಧ್ಯಾಯನೇ ಜಾಯ್ಸ್. ಒಂದು ದಿನ ಜಾಯ್ಸ್ ತನ್ನ 'ದಿ ಡೆಡ್' ಕಥೆಯನ್ನು ಅವರಿಗೆ ಓದಿ ಹೇಳಿದನಂತೆ. ಕೇಳಿ ಲಿವಿಯಾ ಏನೂ ಹೇಳದೆ ತೋಟಕ್ಕೆ ಹೋಗಿ ಹೂಗಳನ್ನು ಕಿತ್ತು ತಂದು ಅವನ ಕೈಗೆ ಕೊಟ್ಟಳಂತೆ. ಜಾಯ್ಸನ ಪ್ರೋತ್ಸಾಹ ದೊರೆತ ಸ್ವೇವೊ ಕಾಲಕ್ರಮದಲ್ಲಿ ಮತ್ತೆ ಲೇಖನಿ ಹಿಡಿದನು. ೧೯೨೩ರಲ್ಲಿ ಹೊರಬಂದ ಅವನ ಮೂರನೆಯ ಕಾದಂಬರಿ ಯೂರೋಪಿನಲ್ಲೆಲ್ಲ ಹೆಸರಾಯಿತು.

ನನ್ನ ಪತ್ನಿ ಇದನ್ನೆಲ್ಲ ಕೇಳಿ, 'ಹಾಗಾದರೆ ನಿಮ್ಮ ಸಾಹಿತ್ಯದ ಉಪಾಧ್ಯಾಯನಿಗೆ ಅನ್ನ ಹಾಕಿದ್ದು ಹಡಗಿನ ಬಣ್ಣ' ಎಂದಳು. ಆಮೇಲೆ, 'ಆ ಕಥೆ ಯಾವುದರ ಮೇಲೆ?' ಎಂದು ಕೇಳಿದಳು. ಇಪ್ಪತ್ತು ವರ್ಷ ಪಾಠ ಹೇಳಿದ ಕಥೆ. ಮನೆಯಲ್ಲಿ ಒಂದು ದಿನವೂ ಹೇಳಿರಲಿಲ್ಲ.

ಸಂಜೆ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಮೋಲೊ ಔದಾಚೆ ಎಂಬ ಕಲ್ಲಿನ ಕಟ್ಟೆಯ ತುದಿಗೆ ಹೋದೆವು. ಬೋರಾ ಎಂಬ ಈಶಾನ್ಯದ ಗಾಳಿ ಬೀಸಲು ಆರಂಭವಾಗಿದ್ದಿತು. ಅದು ಕಾರ್ಸ್ಟ್ ಪ್ರಸ್ಥಭೂಮಿಯಿಂದ ಧುಮುಕಿ ಬರುವ ಗಾಳಿ. ಉಗ್ರವಾದಾಗ ಗಂಟೆಗೆ ನೂರು ಕಿಲೋಮೀಟರಿಗೂ ಮೀರುತ್ತದೆ. ಹಿಂದೆ ಜನ ಹಿಡಿದು ನಡೆಯಲೆಂದು ಬೀದಿಗಳಲ್ಲಿ ಹಗ್ಗ ಕಟ್ಟುತ್ತಿದ್ದರು. ಗಾಳಿಗೆ ಬೆನ್ನು ಕೊಟ್ಟು ನಿಂತು ನಾನು ಕಥೆಯನ್ನು ಹೇಳಿದೆನು. ಒಬ್ಬ ಕಾಲೇಜು ಉಪಾಧ್ಯಾಯ. ಚಳಿಗಾಲದ ಔತಣವೊಂದಕ್ಕೆ ಹೆಂಡತಿಯೊಡನೆ ಹೋಗಿ, ಆ ರಾತ್ರಿ ಇಬ್ಬರೂ ಹೋಟಲಿನಲ್ಲಿ ತಂಗುತ್ತಾರೆ. ಅವನ ಮನಸ್ಸೆಲ್ಲ ತಾನು ಮಾಡಿದ ಭಾಷಣದ ಮೇಲೆ, ತನ್ನ ಉಲ್ಲಾಸದ ಮೇಲೆ. ಅವಳಾದರೋ ಔತಣದಲ್ಲಿ ಕೇಳಿದ ಒಂದು ಹಾಡಿನಿಂದ, ತನ್ನ ಎಳೆಯ ವಯಸ್ಸಿನಲ್ಲಿ ತನ್ನನ್ನು ಪ್ರೀತಿಸಿ ತೀರಿಹೋದ ಹುಡುಗನನ್ನು ನೆನೆದು ಅಳುತ್ತಿದ್ದಾಳೆ. ಇಷ್ಟು ವರ್ಷ ಜೊತೆಯಲ್ಲಿದ್ದವಳ ಜೀವನದ ಮುಖ್ಯವಾದ ಒಂದು ಸಂಗತಿ ತನಗೆ ತಿಳಿದೇ ಇರಲಿಲ್ಲವೆಂದು ಅವನಿಗೆ ಅರಿವಾಗುತ್ತದೆ. ಹೊರಗೆ ಹಿಮ ಬೀಳುತ್ತಿರುತ್ತದೆ.

ಸ್ವಲ್ಪ ಹೊತ್ತು ಅವಳು ಮಾತನಾಡಲಿಲ್ಲ. ಆಮೇಲೆ ಹೇಳಿದಳು: 'ನನ್ನದು ಅಂಥಾ ದೊಡ್ಡ ಗುಟ್ಟೇನೂ ಅಲ್ಲ. ಆ ಮೂರನೆಯ ಪಾಲು ನೆಂದ ರಾತ್ರಿ ನೀವು ತೋಟದಲ್ಲಿಯೇ ಇದ್ದಿರಿ.'

ಜನವರಿಯಲ್ಲಿ ಎರಡು ದಿನಗಳ ರಜೆಗೆ ನಾನು ಅಲ್ಲಿಗೆ ಹೋಗಿದ್ದುದು ನಿಜ. ರಾತ್ರಿ ಅಕಾಲದಲ್ಲಿ ಮಳೆ ಬಂದುದೂ ನಿಜ. ತಿರುಳು ಬಿಡಿಸಿ ತೊಳೆದ ಬೀಜ ಕಣದಲ್ಲಿ ಒಣಗಲು ಏಳೆಂಟು ದಿನಗಳಾದರೂ ಬೇಕು. ಅರ್ಧ ಒಣಗಿದುದು ಮತ್ತೆ ನೆಂದರೆ ವಾಸನೆ ಕೆಡುತ್ತದೆ. ಅವಳು ಒಂದು ಗಂಟೆ ರಾತ್ರಿಯಲ್ಲಿ ಎದ್ದು, ಇಬ್ಬರು ಆಳುಗಳನ್ನು ಎಬ್ಬಿಸಿ, ದೀಪ ಹಿಡಿದುಕೊಂಡು, ಕಣದ ಬೀಜವನ್ನೆಲ್ಲ ಗುಡ್ಡೆಮಾಡಿ ಟಾರ್ಪಾಲು ಹೊದಿಸಿದ್ದಳು. ಒಂದು ಮೂಲೆಯನ್ನು ತಲಪುವಷ್ಟರಲ್ಲಿ ಹೊತ್ತು ಮೀರಿದ್ದಿತು. ಇನ್ನೆರಡು ಕೈಗಳಿದ್ದಿದ್ದರೆ ಅದೂ ಉಳಿಯುತ್ತಿತ್ತು. ಹೆಂಚಿನ ಮೇಲೆ ಮಳೆಯ ಸದ್ದು ನನಗೆ ಕೇಳಿಸಿದ್ದಿತು. ಹಿತವಾಗಿದೆಯೆಂದು ಕಂಬಳಿ ಎಳೆದುಕೊಂಡು ಮಗ್ಗುಲಾದುದು ನನಗೆ ನೆನಪಿಗೆ ಬಂದಿತು. ಬೆಳಿಗ್ಗೆ ಎದ್ದು ಕಾಫಿ ಕೇಳಿದ್ದೆನು, ಅವಳು ತಂದುಕೊಟ್ಟಿದ್ದಳು.

'ಯಾಕೆ ಎಬ್ಬಿಸಲಿಲ್ಲ?' ಎಂದೆನು. 'ನಿಮಗೆ ಅದು ಸಂಬಂಧಪಟ್ಟದ್ದೆಂದು ನನಗೆ ತೋರಲಿಲ್ಲ' ಎಂದಳು. ಅವಳ ದನಿಯಲ್ಲಿ ಆಕ್ಷೇಪಣೆಯಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮಾರನೆಯ ದಿನ ಊರ ಹೊರಗಿನ ಮಿರಾಮಾರೆ ಕೋಟೆಯನ್ನು ನೋಡಿದೆವು. ಹಾಪ್ಸ್‌ಬರ್ಗ್ ಮನೆತನದ ಮ್ಯಾಕ್ಸಿಮಿಲಿಯನ್ ತನಗೂ ತನ್ನ ಪತ್ನಿ ಶಾರ್ಲಟ್ಟಳಿಗೂ ಕಟ್ಟಿಸಿದ ಬಿಳಿಯ ಕಲ್ಲಿನ ಮನೆ ಅದು. ೧೮೬೪ರಲ್ಲಿ ಮೆಕ್ಸಿಕೋ ದೇಶದ ಚಕ್ರವರ್ತಿಯಾಗಲು ಅವರು ಇಲ್ಲಿಂದ ಹಡಗೇರಿದರು. ೧೮೬೭ರಲ್ಲಿ ಅವನನ್ನು ಅಲ್ಲಿ ಗುಂಡಿಟ್ಟು ಕೊಂದರು. ಸಹಾಯ ಬೇಡಲು ಯೂರೋಪಿಗೆ ಹಿಂದಿರುಗಿದ್ದ ಅವಳಿಗೆ ಚಿತ್ತಭ್ರಮೆಯಾಗಿ, ಅರುವತ್ತು ವರ್ಷ ಹಾಗೆಯೇ ಬದುಕಿ ೧೯೨೭ರಲ್ಲಿ ತೀರಿಕೊಂಡಳು. ಆ ಮನೆಯ ಕಿಟಕಿಗಳಿಂದ ಸಮುದ್ರವನ್ನು ನೋಡುತ್ತ ನನ್ನ ಪತ್ನಿ ತೇವದ ಲೆಕ್ಕವನ್ನು ಮಾಡುತ್ತಿದ್ದಳು. ಈ ಸಲ ನಾನು ಕೇಳಿ ತಿಳಿದುಕೊಂಡೆನು. ಮೂಟೆಗಳ ಒಳಗೆ ಗಾಳಿಯಾಡದ ಚೀಲವೊಂದನ್ನು ಹಾಕಿಸಿ ಕಳುಹಿಸುವುದೆಂದೂ, ಹೆಚ್ಚಿನ ಸಾಗಾಣಿಕೆಯ ವೆಚ್ಚದಲ್ಲಿ ಅರ್ಧ ತಾನು ಹೊರುವುದೆಂದೂ ಅವಳು ನಿಶ್ಚಯಿಸಿದಳು. ವರ್ತಕರು ಒಪ್ಪಿದರು. ಬಟ್ಟಲಿನ ದೋಷವನ್ನು ಅವಳೇ ಒಪ್ಪಿಕೊಂಡುದರಿಂದ ಮುಂದಿನ ವರ್ಷದ ಮಾದರಿಯನ್ನೂ ಈಗಲೇ ಕೇಳುತ್ತಿರುವುದಾಗಿ ಅವರು ಹೇಳಿದರು. ಮೂರನೆಯ ಪಾಲು ಮಾತ್ರ ನಮ್ಮ ಊರಿನಲ್ಲಿಯೇ ಕಡಮೆ ಬೆಲೆಗೆ ಹೋಯಿತು. ಆ ನಷ್ಟ ನಷ್ಟವೇ. ಅದನ್ನು ಕಥೆ ಹೇಳಿ ತುಂಬಲಾಗುವುದಿಲ್ಲ.

ಕೆಲಸವನ್ನೂ ವಿಹಾರವನ್ನೂ ಜೊತೆಗೂಡಿಸಿ ಹೊರಡುವ ದಂಪತಿಗಳು ಈಚೆಗೆ ಅನೇಕರು. ಅವರಿಗೆ ನನ್ನ ಅನುಭವದಿಂದ ಎರಡು ಮಾತು ಹೇಳಬಹುದೆಂದು ತೋರುತ್ತದೆ. ಕೆಲಸದ ದಿನಗಳನ್ನು ಮೊದಲು ಇಟ್ಟುಕೊಳ್ಳಿ, ವಿಹಾರದ ದಿನಗಳನ್ನು ಆಮೇಲೆ. ತೀರ್ಮಾನವಾಗದ ಕೆಲಸ ತಲೆಯಲ್ಲಿದ್ದರೆ ಯಾವ ಅರಮನೆಯೂ ಕಾಣುವುದಿಲ್ಲ. ಇನ್ನೊಂದು, ಜೊತೆಯಲ್ಲಿ ಹೋದವರು ಒಂದು ಗಂಟೆಯಾದರೂ ಇನ್ನೊಬ್ಬರ ಕೆಲಸ ನಡೆಯುವ ಸ್ಥಳದಲ್ಲಿ ಸುಮ್ಮನೆ ಕುಳಿತಿರಬೇಕು. ನಮ್ಮ ಮನೆಗಳಲ್ಲಿ ಒಬ್ಬರ ದುಡಿಮೆಯನ್ನು ಇನ್ನೊಬ್ಬರು ಕಣ್ಣಾರೆ ಕಾಣುವ ಸಂದರ್ಭ ಬಹು ಅಪೂರ್ವ. ನನಗೆ ಅದು ದೊರೆಯಲು ಏಡ್ರಿಯಾಟಿಕ್ ತೀರದವರೆಗೆ ಹೋಗಬೇಕಾಯಿತು; ಕಣ ಮಾತ್ರ ನಮ್ಮ ಜಗಲಿಯಿಂದ ನೂರು ಹೆಜ್ಜೆಯಲ್ಲಿದ್ದಿತು.

ಆ ಅರ್ಜಿಯ ಕಲಮನ್ನು ಮತ್ತೆ ತುಂಬುವ ಪ್ರಸಂಗ ಬಂದರೆ ಯಾವುದರ ಎದುರಿಗೆ ಗುರುತುಹಾಕುವೆನೋ ನಾನರಿಯೆ. ಕಳೆದ ಕೊಯ್ಲಿನ ಕಾಲದಲ್ಲಿ ರಜೆ ಹಾಕಿ ತೋಟದಲ್ಲಿದ್ದೆನು. ಮಳೆ ಬರಲಿಲ್ಲ. ಆದರೂ ರಾತ್ರಿ ಎರಡು ಮೂರು ಸಲ ಎಚ್ಚರವಾಗಿ, ಹೆಂಚಿನ ಕಡೆ ಕಿವಿಗೊಟ್ಟು ಮಲಗಿದ್ದೆನು.